ಕೊಂಡ ಪುಸ್ತಕ, ಓದಿದ ಪುಸ್ತಕ

ದ್ವಿತೀಯ ಪಿಯುಸಿ ಫಲಿತಾಂಶ ಬಂದು, ಪದವಿ ತರಗತಿಗಳ ಪ್ರವೇಶದ ಗದ್ದಲ ಒಂದು ಹದಕ್ಕೆ ಬಂದಿತೆಂದರೆ ಮನೆಮನೆಗಳಲ್ಲಿ ಲೆಕ್ಕಾಚಾರ ಆರಂಭವಾಗುತ್ತದೆ. ಯಾವ ಕಾಲೇಜು, ಯಾವ ವಿಷಯ, ಹಾಸ್ಟೆಲೋ ಬಾಡಿಗೆಯ ಕೋಣೆಯೋ ಎಂಬ ಚರ್ಚೆಗಳೆಲ್ಲ ಮುಗಿದು, ಮಗನೋ ಮಗಳೋ ಹೊಸ ಚೀಲವನ್ನು ಹೆಗಲಿಗೇರಿಸಿ ಹೊರಡುವ ಹೊತ್ತಿಗೆ ಮನೆಯ ಯಜಮಾನರ ಕೈ ಬರಿದಾಗಿರುತ್ತದೆ. ಪ್ರವೇಶ ಶುಲ್ಕ, ಹಾಸ್ಟೆಲಿನ ಠೇವಣಿ, ಬಸ್ ಪಾಸು, ಬಟ್ಟೆಬರೆ, ಮೊಬೈಲ್ ಫೋನು ಇವೆಲ್ಲ ಆದ ಮೇಲೆ ಪಟ್ಟಿಯ ತುದಿಯಲ್ಲಿ ಉಳಿಯುವುದು ಪುಸ್ತಕ. ತುದಿಯಲ್ಲಿ ಉಳಿದುದಕ್ಕೆ ಕತ್ತರಿ ಬೀಳುವುದು ಲೋಕರೂಢಿ. ಆನೆ ಕೊಟ್ಟು ಅಂಕುಶಕ್ಕೆ ಜಗಳಾಡಿದರೆಂಬ ಗಾದೆಯನ್ನು ನಾವು ಕೇಳಿದ್ದೇವೆ. ಲಕ್ಷಗಟ್ಟಲೆ ತೆತ್ತು ಸೀಟು ಪಡೆದವರು ಪುಸ್ತಕದ ಅಂಗಡಿಯ ಮುಂದೆ ನಿಂತು ಆ ಗಾದೆಗೆ ಅರ್ಥ ಬರೆಯುತ್ತಿರುವುದನ್ನು ಪ್ರತಿವರ್ಷವೂ ಕಾಣುತ್ತೇವೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯ ತಂದೆತಾಯಿಗಳೂ ಇದ್ದಾರೆ. ಮಕ್ಕಳ ವಿದ್ಯೆಗೆ ಕೊರತೆಯಾಗಬಾರದೆಂಬ ಕಕ್ಕುಲಾತಿಯಿಂದ, ಪಟ್ಟಿಯಲ್ಲಿರುವ ಪುಸ್ತಕಗಳನ್ನೆಲ್ಲ ಮೊದಲ ದಿನವೇ ಕೊಂಡು, ಬಣ್ಣದ ಕಾಗದದ ಹೊದಿಕೆ ಹಾಕಿಸಿ, ಕಪಾಟಿನಲ್ಲಿ ಜೋಡಿಸಿಡುತ್ತಾರೆ. ವರ್ಷ ಕಳೆದ ಮೇಲೆ ನೋಡಿದರೆ ಹೊದಿಕೆ ಹಾಗೆಯೇ ಇರುತ್ತದೆ, ಒಳಗಿನ ಹಾಳೆಗಳೂ ಹಾಗೆಯೇ ಇರುತ್ತವೆ. ಮೊದಲನೆಯವರು ಕೊಳ್ಳದೆ ಕೆಟ್ಟರೆ, ಎರಡನೆಯವರು ಕೊಂಡೂ ಕೆಟ್ಟರು. ಪಠ್ಯಪುಸ್ತಕದ ಖರ್ಚು ಶುಲ್ಕ ಕಟ್ಟಿದಂತೆ ಕಟ್ಟಿದ ದಿನವೇ ಮುಗಿದುಹೋಗುವುದಲ್ಲ. ಅದನ್ನು ಓದಿದಾಗ ಮಾತ್ರ ಕೊಂಡಂತಾಗುತ್ತದೆ. ಆದುದರಿಂದ ಏನನ್ನು ಕೊಳ್ಳಬೇಕು, ಕೊಂಡುದನ್ನು ಹೇಗೆ ಓದಬೇಕು, ಇದರಲ್ಲಿ ಮನೆಯವರ ಪಾಲೇನು ಎಂಬುದನ್ನು ಈ ತಿಂಗಳು ವಾಚಕ ಬಂಧುಗಳೊಡನೆ ವಿಚಾರ ಮಾಡಬಯಸುತ್ತೇವೆ.

ಮೊದಲು ಪಟ್ಟಿಯ ಮಾತು. ವಿಶ್ವವಿದ್ಯಾಲಯದ ಪಠ್ಯಕ್ರಮದ ಪ್ರತಿಯೊಂದು ವಿಷಯದ ಕೊನೆಯಲ್ಲಿ ಐದಾರು, ಕೆಲವೊಮ್ಮೆ ಹತ್ತು ಹನ್ನೆರಡು ಪುಸ್ತಕಗಳ ಹೆಸರು ಅಚ್ಚಾಗಿರುತ್ತವೆ. ಅವೆಲ್ಲವೂ ಕೊಳ್ಳಲೇಬೇಕಾದವುಗಳಲ್ಲ. ಕೆಲವು ಪಠ್ಯಪುಸ್ತಕಗಳು, ಉಳಿದವು ಪರಾಮರ್ಶನ ಗ್ರಂಥಗಳು. ಪಠ್ಯಪುಸ್ತಕವು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದತಕ್ಕದ್ದು, ಪರಾಮರ್ಶನ ಗ್ರಂಥವು ಬೇಕಾದಾಗ ಬೇಕಾದ ಅಧ್ಯಾಯವನ್ನು ತೆರೆದು ನೋಡತಕ್ಕದ್ದು. ಮೊದಲನೆಯದರ ಸ್ಥಾನ ವಿದ್ಯಾರ್ಥಿಯ ಮೇಜು, ಎರಡನೆಯದರ ಸ್ಥಾನ ಗ್ರಂಥಾಲಯ. ಈ ಭೇದವನ್ನರಿಯದೆ ಪಟ್ಟಿಯನ್ನು ಕಿರಾಣಿ ಚೀಟಿಯಂತೆ ಅಂಗಡಿಯವನ ಕೈಗೆ ಕೊಡುವುದರಿಂದ ಹಣ ಹೋಗುತ್ತದೆಯೇ ಹೊರತು ವಿದ್ಯೆ ಬರುವುದಿಲ್ಲ.

ಆದಕಾರಣ ತರಗತಿಗಳು ಆರಂಭವಾಗಿ ಎರಡು ವಾರವಾಗುವ ತನಕ ತಾಳುವುದು ಲೇಸು. ಅಷ್ಟರಲ್ಲಿ ಪಾಠ ಹೇಳುವ ಅಧ್ಯಾಪಕರು ಯಾವ ಪುಸ್ತಕವನ್ನು ಅನುಸರಿಸುತ್ತಾರೆಂಬುದು ತಿಳಿಯುತ್ತದೆ. "ಸರ್, ಒಂದೇ ಪುಸ್ತಕ ಕೊಳ್ಳುವ ಶಕ್ತಿ ನಮಗಿದೆ, ಯಾವುದನ್ನು ಕೊಳ್ಳಲಿ?" ಎಂದು ವಿದ್ಯಾರ್ಥಿ ವಿನಯದಿಂದ ಕೇಳಿದರೆ ಸಿಡುಕುವ ಅಧ್ಯಾಪಕರು ಅಪರೂಪ. ಹೀಗೆ ಕೇಳಲು ನಮ್ಮ ಹಳ್ಳಿಯ ಮಕ್ಕಳು ಸಂಕೋಚಪಡುತ್ತಾರೆ. ಆ ಸಂಕೋಚವನ್ನು ಬಿಡಿಸಿ ಕಳಿಸುವುದು ತಂದೆತಾಯಿಗಳ ಕೆಲಸ. ಒಂದು ವಿಷಯಕ್ಕೆ ಒಂದು ಮುಖ್ಯ ಪುಸ್ತಕ, ಅದೂ ಸ್ವಂತದ್ದು, ಇದು ಬಹುಮಟ್ಟಿಗೆ ಎಲ್ಲ ಪದವಿಗಳಿಗೂ ಒಪ್ಪುವ ನಿಯಮ.

ಅಣ್ಣನ ಪುಸ್ತಕ ತಮ್ಮನಿಗೆ, ಅಕ್ಕನ ಪುಸ್ತಕ ತಂಗಿಗೆ ಎಂಬುದು ನಮ್ಮ ಮನೆಗಳ ಹಳೆಯ ಪದ್ಧತಿ. ಒಂದೇ ಪುಸ್ತಕ ನಾಲ್ಕು ಜನರ ಹೆಸರು ಹೊತ್ತು, ಐದನೆಯವರಿಗೆ ಹೋಗುತ್ತಿದ್ದ ಕಾಲವಿತ್ತು. ಈಚಿನ ವರ್ಷಗಳಲ್ಲಿ ಈ ಪದ್ಧತಿಗೆ ಪೆಟ್ಟು ಬಿದ್ದಿದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ತರಗತಿಗಳಿಗೆ ಹೊಸ ಪಠ್ಯಕ್ರಮ ಬಂದಿತು. 2024-25ರಲ್ಲಿ ಸರ್ಕಾರ ಅದನ್ನು ಬಿಟ್ಟು, ಮೂರು ವರ್ಷದ ಪದವಿಗೆ ಮರಳಿ, ಮತ್ತೊಂದು ಪಠ್ಯಕ್ರಮವನ್ನು ತಂದಿತು. ನೀತಿಗಳ ಗುಣದೋಷಗಳ ವಿಮರ್ಶೆ ಇಲ್ಲಿ ಬೇಡ. 2023ರಲ್ಲಿ ಪದವಿಗೆ ಸೇರಿದ ಅಕ್ಕನ ಪುಸ್ತಕಗಳನ್ನು 2024ರಲ್ಲಿ ಸೇರಿದ ತಂಗಿಗೆ ಕೊಡುವ ಮುನ್ನ, ಹಳೆಯ ಮತ್ತು ಹೊಸ ಪಠ್ಯಕ್ರಮಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕಾಯಿತೆಂಬುದು ಅನೇಕ ಮನೆಗಳ ಅನುಭವ. ಹೆಸರು ಬದಲಾಗಿ ವಿಷಯ ಅದೇ ಉಳಿದ ಪುಸ್ತಕಗಳೂ ಉಂಟು, ಹೆಸರು ಅದೇ ಇದ್ದು ಒಳಗಿನದು ಬದಲಾದ ಪುಸ್ತಕಗಳೂ ಉಂಟು. ಪರಿವಿಡಿಯನ್ನು ಒಂದು ಗಳಿಗೆ ಓದಿದರೆ ಇದು ತಿಳಿಯುತ್ತದೆ.

ಹಳೆಯ ಪುಸ್ತಕವೆಂದರೆ ಹಳಸಿದ ಪುಸ್ತಕವಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಇಕ್ಕೆಲಗಳಲ್ಲಿ ಹಳೆಯ ಪಠ್ಯಪುಸ್ತಕಗಳ ವ್ಯಾಪಾರ ಬಹುಕಾಲದಿಂದ ನಡೆದುಬಂದಿದೆ. ಎಷ್ಟೋ ಎಂಜಿನಿಯರುಗಳು, ಲೆಕ್ಕಪರಿಶೋಧಕರು ಅಲ್ಲಿನ ಫುಟ್‌ಪಾತಿನ ಮೇಲೆ ಚೌಕಾಸಿ ಮಾಡಿ ತಂದ ಪುಸ್ತಕಗಳಿಂದಲೇ ಮೇಲೆ ಬಂದವರು. ಆದರೆ ಯಾವ ವಿಷಯದ ಹಳೆಯ ಪುಸ್ತಕ ನಡೆಯುತ್ತದೆ, ಯಾವುದು ನಡೆಯದು ಎಂಬ ವಿವೇಕ ಬೇಕು. ಕಲನಶಾಸ್ತ್ರದ ಲೆಕ್ಕಗಳು ಐವತ್ತು ವರ್ಷಗಳ ಹಿಂದೆ ಹೇಗಿದ್ದವೋ ಇಂದಿಗೂ ಹಾಗೆಯೇ ಇವೆ. ಗಣಿತ, ವ್ಯಾಕರಣ, ಹಳಗನ್ನಡ ಕಾವ್ಯ, ತರ್ಕಶಾಸ್ತ್ರ ಇವುಗಳಲ್ಲಿ ಹಳೆಯ ಮುದ್ರಣವನ್ನು ಧೈರ್ಯವಾಗಿ ಕೊಳ್ಳಬಹುದು.

ವಿಜ್ಞಾನದಲ್ಲಿ ಸ್ವಲ್ಪ ಎಚ್ಚರ ಬೇಕು. 2019ಕ್ಕೆ ಮೊದಲು ಅಚ್ಚಾದ ಭೌತಶಾಸ್ತ್ರದ ಪುಸ್ತಕ ತೆರೆದರೆ, ಪ್ಯಾರಿಸ್ಸಿನ ಬಳಿ ಇಟ್ಟಿರುವ ಪ್ಲಾಟಿನಂ-ಇರಿಡಿಯಂ ಮಿಶ್ರಲೋಹದ ಬಟ್ಟೇ ಕಿಲೋಗ್ರಾಮಿನ ಅಳತೆ ಎಂದಿರುತ್ತದೆ. 2019ರ ಮೇ 20ರಿಂದ ಆ ವ್ಯಾಖ್ಯೆ ಹೋಗಿ, ಪ್ಲಾಂಕನ ಸ್ಥಿರಾಂಕದ ಆಧಾರದ ಮೇಲೆ ಹೊಸ ವ್ಯಾಖ್ಯೆ ಬಂದಿದೆ. ಹಾಗೆಯೇ 113, 115, 117 ಮತ್ತು 118ನೆಯ ಧಾತುಗಳಿಗೆ ಹೆಸರು ಬಂದದ್ದು 2016ರಲ್ಲಿ. ಅದಕ್ಕೆ ಹಿಂದಿನ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಆ ಮನೆಗಳಿಗೆ ಈ ಹೆಸರುಗಳಿಲ್ಲ. ಇಂಥ ಒಂದೆರಡು ತಿದ್ದುಪಡಿಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡರೆ ಉಳಿದ ಐದುನೂರು ಪುಟ ಉಪಯೋಗಕ್ಕೆ ಬರುತ್ತದೆ.

ಕಾನೂನು ಮತ್ತು ವಾಣಿಜ್ಯದ ಮಾತೇ ಬೇರೆ. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಬಂದಿತು. ಅಂದೇ ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳೂ ಬದಲಾದವು. 1961ರ ಆದಾಯ ತೆರಿಗೆ ಕಾಯಿದೆಗೆ ಬದಲಾಗಿ 2025ರಲ್ಲಿ ಹೊಸ ಕಾಯಿದೆ ಅಂಗೀಕಾರವಾಗಿ, 2026ರ ಏಪ್ರಿಲ್ 1 ಅದರ ಜಾರಿಯ ದಿನವೆಂದು ಗೊತ್ತಾಯಿತು. ಸರಕು ಮತ್ತು ಸೇವಾ ತೆರಿಗೆಯಂತೂ 2017ರ ಜುಲೈನಿಂದೀಚೆಗೆ ಪದೇಪದೇ ತಿದ್ದುಪಡಿ ಕಂಡಿದೆ. ಈ ವಿಷಯಗಳಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಹಳೆಯ ಪುಸ್ತಕ ತರುವುದು ಉಳಿತಾಯವಲ್ಲ, ನಷ್ಟ. ಹಳೆಯ ಸೆಕ್ಷನ್ನುಗಳನ್ನೇ ಬಾಯಿಪಾಠ ಮಾಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿಯೂ ವೃತ್ತಿಯಲ್ಲಿಯೂ ಮುಗ್ಗರಿಸಬೇಕಾದೀತು.

ಹೊಸ ಪುಸ್ತಕವನ್ನೇ ಕೊಳ್ಳಬೇಕಾದಾಗಲೂ ಅಗ್ಗದ ದಾರಿಗಳಿಲ್ಲದಿಲ್ಲ. ಹಿರಿಯ ವಾಚಕರಿಗೆ ಇ.ಎಲ್.ಬಿ.ಎಸ್. ಎಂಬ ನಾಲ್ಕಕ್ಷರದ ಗುರುತು ಹೊತ್ತ ಪುಸ್ತಕಗಳ ನೆನಪಿರಬಹುದು. ಬ್ರಿಟಿಷ್ ಸರ್ಕಾರದ ನೆರವಿನಿಂದ ಅವು ಕಡಿಮೆ ಬೆಲೆಗೆ ದೊರೆಯುತ್ತಿದ್ದವು. ಮಾಸ್ಕೋದ ಮೀರ್ ಪ್ರಕಾಶನದ ಗಣಿತ, ಭೌತಶಾಸ್ತ್ರದ ಪುಸ್ತಕಗಳೂ ಹಾಗೆಯೇ. ಬೆಂಗಳೂರಿನ ನವಕರ್ನಾಟಕದಂಥ ಮಳಿಗೆಗಳು ಸೋವಿಯತ್ ಪುಸ್ತಕಗಳನ್ನು ಮಧ್ಯಮ ವರ್ಗದ ಮನೆಗಳಿಗೆ ತಲುಪಿಸಿದವು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು, ಆ ಪುಸ್ತಕಗಳ ಒರತೆಯೂ ಬತ್ತಿತು. ಇಂದು ಅವುಗಳ ಸ್ಥಾನವನ್ನು ಭಾರತೀಯ ಮುದ್ರಣಗಳು ತುಂಬಿವೆ. ಅಮೆರಿಕ, ಇಂಗ್ಲೆಂಡುಗಳ ದೊಡ್ಡ ಪ್ರಕಾಶಕರು ತಮ್ಮ ಪುಸ್ತಕಗಳನ್ನೇ ಇಲ್ಲಿ ಸಾಧಾರಣ ಕಾಗದದ ಮೇಲೆ ಅಚ್ಚುಹಾಕಿ ಅಲ್ಲಿನ ಬೆಲೆಗಿಂತ ಬಹಳ ಕಡಿಮೆಗೆ ಮಾರುತ್ತಾರೆ. ಆಮದಾದ ದುಬಾರಿ ಪ್ರತಿಗೆ ಹಣ ಕೊಡುವ ಮುನ್ನ, ಅದಕ್ಕೆ ಭಾರತೀಯ ಮುದ್ರಣವಿದೆಯೇ ಎಂದು ವಿಚಾರಿಸಬೇಕು.

ವಿದೇಶದಲ್ಲಿ ಓದುವ ಮಕ್ಕಳಿರುವ ಮನೆಗಳಿಗೆ ಇದು ಇನ್ನೂ ಪ್ರಸ್ತುತ. ಅಮೆರಿಕದಲ್ಲಿ ಪಠ್ಯಪುಸ್ತಕಗಳ ಬೆಲೆ ವಿಪರೀತವಾಗಿರುವುದರಿಂದ ನಮ್ಮ ಮಕ್ಕಳು ಇಲ್ಲಿಂದಲೇ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ಹೊತ್ತೊಯ್ಯುತ್ತಾರೆ. ಇದು ಸರಿಯೇ ಎಂಬ ಅಳುಕು ಕೆಲವರಿಗಿದೆ. ಅಮೆರಿಕದಲ್ಲಿ ಓದುತ್ತಿದ್ದ ಥಾಯ್ಲೆಂಡಿನ ಕಿರ್ತ್ಸೆಂಗ್ ಎಂಬ ವಿದ್ಯಾರ್ಥಿ ತನ್ನ ದೇಶದಿಂದ ಅಗ್ಗದ ಮುದ್ರಣಗಳನ್ನು ತರಿಸಿ ಅಲ್ಲಿ ಮಾರಿದನು. ಪ್ರಕಾಶಕ ಸಂಸ್ಥೆಯಾದ ಜಾನ್ ವೈಲಿ ಅವನ ಮೇಲೆ ದಾವೆ ಹೂಡಿತು. 2013ರ ಮಾರ್ಚಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಹೊರದೇಶದಲ್ಲಿ ನ್ಯಾಯವಾಗಿ ಅಚ್ಚಾದ ಪ್ರತಿಯನ್ನು ಕೊಂಡವನು ಅದನ್ನು ಅಲ್ಲಿ ಮಾರಬಹುದೆಂದು ಆರಕ್ಕೆ ಮೂರರ ಬಹುಮತದಿಂದ ತೀರ್ಪಿತ್ತಿತು. ಮಾರುವುದಕ್ಕೇ ಅಡ್ಡಿಯಿಲ್ಲವೆಂದ ಮೇಲೆ, ತಾನು ಓದಲು ಒಯ್ಯುವವನು ಅಳುಕಬೇಕಾದುದಿಲ್ಲ.

ಇನ್ನು ಜೆರಾಕ್ಸಿನ ವಿಚಾರ. ಪುಸ್ತಕ ಕೊಳ್ಳಲಾಗದ ವಿದ್ಯಾರ್ಥಿಗೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯೇ ಆಸರೆ. ಈ ಸಂಗತಿ ದೊಡ್ಡ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಎಂಬ ಜೆರಾಕ್ಸ್ ಅಂಗಡಿಯು, ಅಧ್ಯಾಪಕರು ಸೂಚಿಸಿದ ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ಸೇರಿಸಿ ಹೊಲಿದು ಕೊಡುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದವು. 2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ದಾವೆಯನ್ನು ವಜಾ ಮಾಡಿತು. ಬೋಧನೆಗೆ ಎಷ್ಟು ಭಾಗ ಅಗತ್ಯವೋ ಅಷ್ಟನ್ನು ಪ್ರತಿ ಮಾಡಲು 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅವಕಾಶವಿದೆಯೆಂಬ ತತ್ತ್ವವನ್ನು ಅದೇ ಡಿಸೆಂಬರಿನಲ್ಲಿ ವಿಭಾಗೀಯ ಪೀಠವೂ ಒಪ್ಪಿ, ಕೆಲವು ಸಂಗತಿಗಳ ವಿಚಾರಣೆಗೆಂದು ಮೊಕದ್ದಮೆಯನ್ನು ಕೆಳಗೆ ಕಳಿಸಿತು. 2017ರಲ್ಲಿ ಪ್ರಕಾಶಕರೇ ದಾವೆಯಿಂದ ಹಿಂದೆ ಸರಿದರು.

ಈ ತೀರ್ಪನ್ನು ಸರಿಯಾಗಿ ತಿಳಿಯಬೇಕು. ಪಾಠಕ್ಕೆ ಬೇಕಾದ ಅಧ್ಯಾಯವನ್ನು ಪ್ರತಿ ಮಾಡಿಸಿಕೊಂಡ ವಿದ್ಯಾರ್ಥಿ ತಲೆ ತಗ್ಗಿಸಬೇಕಿಲ್ಲ. ಹಾಗೆಂದು ಇಡೀ ಪುಸ್ತಕವನ್ನು ಕದ್ದು ಅಚ್ಚುಹಾಕಿ ಬೀದಿಯಲ್ಲಿ ಮಾರುವವರ ವ್ಯಾಪಾರ ನ್ಯಾಯವಾಗುವುದಿಲ್ಲ. ನಮ್ಮ ಕನ್ನಡದಲ್ಲಿ ಪಠ್ಯಪುಸ್ತಕ ಬರೆದ ಅಧ್ಯಾಪಕರಿಗೆ ಸಿಗುವ ಗೌರವಧನ ಅಷ್ಟಕ್ಕಷ್ಟೆ. ಸಣ್ಣ ಪ್ರಕಾಶಕರ ಪ್ರತಿಗಳನ್ನು ಕೊಳ್ಳದೆ ನಕಲು ಮಾಡಿದರೆ ಮುಂದಿನ ಪುಸ್ತಕ ಬರುವುದಾದರೂ ಎಲ್ಲಿಂದ?

ಕೊಳ್ಳದೆಯೂ ನ್ಯಾಯವಾಗಿ ಓದುವ ಮಾರ್ಗಗಳನ್ನು ನಮ್ಮ ಸಮಾಜ ಕಟ್ಟಿಕೊಂಡಿದೆ. ಮನೆಯ ಕಂದಾಯದ ರಸೀದಿಯನ್ನು ತೆಗೆದು ನೋಡಿದರೆ ಗ್ರಂಥಾಲಯ ಕರವೆಂಬ ಸಾಲೊಂದು ಕಾಣುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಬಂದ ಕರ ಅದು. ವರ್ಷವರ್ಷವೂ ಕರ ಕಟ್ಟುವ ನಾವು ಗ್ರಂಥಾಲಯದ ಬಾಗಿಲನ್ನು ಮಾತ್ರ ತುಳಿಯುವುದಿಲ್ಲ. ಅನೇಕ ಕಾಲೇಜುಗಳ ಗ್ರಂಥಾಲಯಗಳಲ್ಲಿ ಬುಕ್ ಬ್ಯಾಂಕ್ ವ್ಯವಸ್ಥೆಯಿದ್ದು, ಅಲ್ಪ ಠೇವಣಿಗೆ ಪುಸ್ತಕಗಳನ್ನು ಸೆಮಿಸ್ಟರಿನುದ್ದಕ್ಕೂ ಇಟ್ಟುಕೊಳ್ಳಬಹುದು. ಪ್ರವೇಶ ಪಡೆದ ವಾರದಲ್ಲಿಯೇ ಅರ್ಜಿ ಕೊಟ್ಟವರಿಗೆ ಅದು ದೊರೆಯುತ್ತದೆ, ಪರೀಕ್ಷೆಯ ಹೊಸ್ತಿಲಲ್ಲಿ ಹೋದವರಿಗೆ ಖಾಲಿ ಕಪಾಟು ದೊರೆಯುತ್ತದೆ. ಮೊಬೈಲ್ ಫೋನು ಹೇಗೂ ಕೈಯಲ್ಲಿದೆ. ಖರಗ್‌ಪುರದ ಐ.ಐ.ಟಿ. ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಸಿದ್ಧವಾದ ಇ-ಪಿಜಿ ಪಾಠಶಾಲೆ, 2017ರಲ್ಲಿ ಆರಂಭವಾದ ಸ್ವಯಂ ಇವೆಲ್ಲ ಉಚಿತವಾಗಿ ತೆರೆದಿವೆ. ಆದರೆ ಅಂಗೈಯಗಲದ ಪರದೆಯ ಮೇಲೆ ದಪ್ಪ ಪುಸ್ತಕವೊಂದನ್ನು ಕೊನೆಯವರೆಗೆ ಓದುವುದು ಕಷ್ಟ. ಹುಡುಕಲು ಫೋನು, ಓದಲು ಪುಸ್ತಕ ಎಂಬ ವಿಂಗಡಣೆ ಮೇಲು.

ಈ ಸಂದರ್ಭದಲ್ಲಿ ಒಂದು ಬಿನ್ನಹ. ಬಡ ವಿದ್ಯಾರ್ಥಿಗಳಿಗೆ ಅನ್ನ, ವಸತಿಗಳನ್ನಿತ್ತು ಓದಿಸಿದ ಪ್ರಸಾದ ನಿಲಯಗಳ ದೊಡ್ಡ ಪರಂಪರೆ ನಮ್ಮ ನಾಡಿನಲ್ಲಿದೆ. ಸುಗ್ಗಿಯಾದ ಮೇಲೆ ಜೋಳ, ಅಕ್ಕಿ, ಬೇಳೆಗಳನ್ನು ಅಲ್ಲಿಗೆ ತಪ್ಪದೆ ಕಳಿಸುವ ಮನೆತನಗಳು ಇಂದಿಗೂ ಇವೆ. ಅದರ ಜೊತೆಗೆ, ಪದವಿ ಮುಗಿಸಿದ ನಮ್ಮ ಮಕ್ಕಳ ಪುಸ್ತಕಗಳನ್ನು ರದ್ದಿಯವನಿಗೆ ತೂಕಕ್ಕೆ ಹಾಕುವ ಬದಲು ಆ ನಿಲಯದ ಕಪಾಟಿಗೆ ಕಳಿಸಿದರೆ ಹೇಗೆ? ಮಗನ ಮದುವೆಯ ನೆನಪಿಗೋ ಹಿರಿಯರ ಪುಣ್ಯಸ್ಮರಣೆಗೋ ಒಂದು ವಿಷಯದ ಐದು ಹೊಸ ಪಠ್ಯಪುಸ್ತಕಗಳನ್ನು ಕೊಟ್ಟರೆ, ಐದು ಜನರ ಹಸಿವು ಅನೇಕ ವರ್ಷ ಹಿಂಗುತ್ತದೆ. ಪಠ್ಯಕ್ರಮದಲ್ಲಿರುವ ಪುಸ್ತಕಗಳನ್ನೇ ಕೊಡಬೇಕು, ನಿಲಯದವರನ್ನು ಕೇಳಿಯೇ ಕೊಡಬೇಕು ಎಂಬುದಷ್ಟೇ ನಿಯಮ.

ಪುಸ್ತಕ ಮನೆಗೆ ಬಂದಿತು. ಇನ್ನು ಅದನ್ನು ಓದಬೇಕು. ಇಲ್ಲಿ ಅದರ ಪ್ರತಿಸ್ಪರ್ಧಿಯಾಗಿ ನಿಲ್ಲುವುದು ಗೈಡು. ಗೈಡಿನ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. ಅದು ಅಗ್ಗ, ತೆಳ್ಳಗಿದೆ, ಹಿಂದಿನ ವರ್ಷಗಳ ಪ್ರಶ್ನೆಗಳಿಗೆ ಸಿದ್ಧ ಉತ್ತರ ಕೊಡುತ್ತದೆ. ಅದನ್ನು ಮಾತ್ರ ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವರು ಇದ್ದಾರೆ. ಆದರೆ ಉತ್ತರವನ್ನು ತಿಳಿದವನು ಬೇರೆ, ವಿಷಯವನ್ನು ತಿಳಿದವನು ಬೇರೆ. ಪಠ್ಯಪುಸ್ತಕವು ಒಂದು ಸಂಗತಿ ಏಕೆ ಹೀಗಿದೆ, ಹೇಗೆ ಗೊತ್ತಾಯಿತು, ಎಲ್ಲಿ ಅನ್ವಯಿಸುವುದಿಲ್ಲ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತದೆ. ಗೈಡು ನೇರವಾಗಿ ಅಟ್ಟದ ಮೇಲೆ ಕೂರಿಸುತ್ತದೆ. ಇಳಿಯಲು ದಾರಿ ಗೊತ್ತಿರುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಪ್ರಶ್ನೆಯ ರೂಪ ಬದಲಾದಾಗ, ಸಂದರ್ಶನದಲ್ಲಿ "ಏಕೆ?" ಎಂಬ ಎರಡಕ್ಷರದ ಪ್ರಶ್ನೆ ಬಂದಾಗ, ನರ್ಸಿಂಗ್ ಓದಿದ ಮಗಳು ವಾರ್ಡಿನಲ್ಲಿ ಒಬ್ಬಳೇ ನಿಂತು ಔಷಧದ ಪ್ರಮಾಣ ಲೆಕ್ಕ ಹಾಕಬೇಕಾದಾಗ, ಗೈಡು ಜೊತೆಗೆ ಬರುವುದಿಲ್ಲ. ಪರೀಕ್ಷೆಯ ಹಿಂದಿನ ವಾರ ಪುನರಾವರ್ತನೆಗೆ ಗೈಡು ಇರಲಿ, ಬೇಡವೆನ್ನುವುದಿಲ್ಲ. ಅದು ಊಟದ ಜೊತೆಗಿನ ಉಪ್ಪಿನಕಾಯಿ, ಊಟವಲ್ಲ.

ಮಕ್ಕಳು ಗೈಡಿನತ್ತ ವಾಲುವುದಕ್ಕೆ ಸೋಮಾರಿತನವೊಂದೇ ಕಾರಣವೆಂದು ಹಿರಿಯರು ಬೈಯುತ್ತಾರೆ. ಅದು ಪೂರ್ಣ ಸತ್ಯವಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಹುಷಾರಿ ಎನಿಸಿಕೊಂಡ ಹುಡುಗಿ, ವಿಜ್ಞಾನವನ್ನೋ ವಾಣಿಜ್ಯವನ್ನೋ ಆರಿಸಿಕೊಂಡಾಗ ಎದುರಿಗೆ ಬಂದು ನಿಲ್ಲುವುದು ಆರುನೂರು ಪುಟಗಳ ಇಂಗ್ಲಿಷ್ ಪುಸ್ತಕ. ಮೊದಲ ಪುಟದಲ್ಲಿಯೇ ಹತ್ತು ಪದಗಳು ಗೊತ್ತಿಲ್ಲ. ಎರಡು ದಿನ ಹೆಣಗಿ, ತನ್ನ ಬುದ್ಧಿಯೇ ಸಾಲದೆಂದು ತೀರ್ಮಾನಿಸಿ ಪುಸ್ತಕವನ್ನು ಮುಚ್ಚಿಡುತ್ತಾಳೆ. ಕೊರತೆಯಿರುವುದು ಭಾಷೆಯಲ್ಲಿ, ಅವಳ ಬುದ್ಧಿಯಲ್ಲಲ್ಲ. ಈ ಮಾತನ್ನು ಅವಳಿಗೆ ಯಾರಾದರೂ ಆ ವಾರವೇ ಹೇಳಬೇಕು. ಹೇಳದೆ ಹೋದುದರಿಂದ ಎಷ್ಟು ಮಕ್ಕಳು ಎರಡನೆಯ ಸೆಮಿಸ್ಟರಿಗೇ ಕಾಲೇಜು ಬಿಟ್ಟು ಮನೆಗೆ ಮರಳಿದರೋ!

ಈ ಕೊರತೆಯನ್ನು ನಮ್ಮ ಹಿರಿಯರು ಗುರುತಿಸದೆ ಇರಲಿಲ್ಲ. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪದವಿ ಮಟ್ಟದಲ್ಲಿಯೂ ಕನ್ನಡ ಮಾಧ್ಯಮಕ್ಕೆ ಎಡೆಯಿರಬೇಕೆಂದು ಶ್ರಮಿಸಿದರು. ಅದಕ್ಕೆ ಬೇಕಾದ ಪುಸ್ತಕಗಳ ಕೆಲಸಕ್ಕೆ ಪ್ರಸಾರಾಂಗ ಟೊಂಕ ಕಟ್ಟಿ ನಿಂತಿತು. ಈಚೆಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ತರಗತಿಗಳ ಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿ, ಇ-ಕುಂಭ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿಯೇ ಬರೆಯುವವರಿಗೂ ಇವು ಉಪಯುಕ್ತ. ಮೊದಲು ಕನ್ನಡದಲ್ಲಿ ಒಂದು ಅಧ್ಯಾಯವನ್ನು ಓದಿ, ಅನಂತರ ಇಂಗ್ಲಿಷಿನ ಅದೇ ಅಧ್ಯಾಯವನ್ನು ತೆರೆದರೆ ಅಪರಿಚಿತ ಊರಿನಲ್ಲಿ ಪರಿಚಿತರು ಸಿಕ್ಕಂತಾಗುತ್ತದೆ. 1946ರಲ್ಲಿ ಮೊದಲು ಪ್ರಕಟವಾಗಿ ಮುಂದೆ ಪರಿಷ್ಕಾರಗೊಂಡ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ಮನೆಯಲ್ಲಿದ್ದರೆ ಮನೆಮಂದಿಗೆಲ್ಲ ಉಪಕಾರ.

ಓದುವ ಕ್ರಮವನ್ನೂ ನಾಲ್ಕು ಮಾತಿನಲ್ಲಿ ಹೇಳಬಹುದು. ಮೊದಲು ಮುನ್ನುಡಿ ಮತ್ತು ಪರಿವಿಡಿಯನ್ನು ಓದಬೇಕು. ಪುಸ್ತಕ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂಬುದು ತಿಳಿಯುತ್ತದೆ. ನಾಳೆಯ ಪಾಠದ ಪುಟಗಳನ್ನು ಇಂದು ರಾತ್ರಿ ಒಮ್ಮೆ ಓದಿಕೊಂಡು ಹೋಗಬೇಕು. ಅರ್ಧ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಅರ್ಥವಾಗದ ಆ ಅರ್ಧವನ್ನು ಕಿವಿ ತರಗತಿಯಲ್ಲಿ ಹುಡುಕುತ್ತದೆ. ಬಿಡಿಸಿ ತೋರಿಸಿದ ಲೆಕ್ಕಗಳನ್ನು ಕಣ್ಣಿನಿಂದ ಓದದೆ, ಉತ್ತರವನ್ನು ಕಾಗದದಿಂದ ಮುಚ್ಚಿ ಕೈಯಿಂದ ಮಾಡಬೇಕು. ಪ್ರತಿ ಅಧ್ಯಾಯದ ಕೊನೆಯಲ್ಲಿ ಅದರ ಸಾರವನ್ನು ಕನ್ನಡದಲ್ಲಿ ಐದು ಸಾಲು ಬರೆದಿಡಬೇಕು. ಐದು ಸಾಲು ಬರೆಯಲು ಬಾರದಿದ್ದರೆ ಓದಿದ್ದು ತಲೆಗೆ ಹತ್ತಿಲ್ಲವೆಂದೇ ಅರ್ಥ.

ಅಷ್ಟು ದಪ್ಪ ಪುಸ್ತಕವೇ ಎಂದು ಅಂಜುವವರಿಗೆ ಒಂದು ಸಣ್ಣ ಲೆಕ್ಕ. ನಾಲ್ಕುನೂರು ಪುಟಗಳ ಪುಸ್ತಕ, ಹದಿನಾರು ವಾರಗಳ ಪಾಠ. ವಾರಕ್ಕೆ ಇಪ್ಪತ್ತೈದು ಪುಟ, ಭಾನುವಾರ ಬಿಟ್ಟರೆ ದಿನಕ್ಕೆ ನಾಲ್ಕು ಪುಟ ಚಿಲ್ಲರೆ. ಮೊದಲ ತಿಂಗಳು ಆ ನಾಲ್ಕು ಪುಟಗಳಿಗೆ ಎರಡು ಗಂಟೆ ಹಿಡಿಯಬಹುದು. ಆದರೆ ಒಂದು ವಿಷಯದ ಪಾರಿಭಾಷಿಕ ಪದಗಳು ಮರಳಿ ಮರಳಿ ಬರುವುದರಿಂದ, ನಿಘಂಟಿನ ಅಗತ್ಯ ದಿನೇ ದಿನೇ ಕಡಿಮೆಯಾಗಿ ಓದು ತಾನಾಗಿಯೇ ವೇಗ ಪಡೆಯುತ್ತದೆ. ಕಷ್ಟವೆಲ್ಲ ಮೊದಲ ಐವತ್ತು ಪುಟಗಳದ್ದು. ಅಲ್ಲಿಯವರೆಗೆ ಕೈ ಹಿಡಿದು ನಡೆಸುವವರೊಬ್ಬರು ಬೇಕು.

ಆ ಒಬ್ಬರು ಯಾರು? ಮನೆಯಲ್ಲಿ ಓದಿದವರಿಲ್ಲ, ನಾವೇನು ಮಾಡಬಲ್ಲೆವು ಎಂದು ಅನೇಕ ತಾಯಂದಿರು ಕೈಚೆಲ್ಲುತ್ತಾರೆ. ನಾವು ಬಲ್ಲ ಮನೆಯೊಂದರ ಸಂಗತಿ ಇದಕ್ಕೆ ಉತ್ತರವಾಗಬಲ್ಲದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ತಾಯಿ. ಮಗಳು ಬಿ.ಎಸ್‌ಸಿ.ಗೆ ಸೇರಿದಳು, ಮಗ ಡಿಪ್ಲೊಮಾಕ್ಕೆ. ಹಣದ ಅಡಚಣೆ ಬಂದಾಗ ತಂದೆ, "ಅವನಿಗೆ ಪುಸ್ತಕ ಕೊಡಿಸೋಣ. ಅವ್ವಾ, ನೀ ಯಾರದಾರೆ ಕಡಾ ತಗೊಂಡು ಓದು. ಹೆಂಗೂ ಎರಡು ವರ್ಷಕ್ಕ ಗಂಡನ ಮನಿಗೆ ಹೋಗಾಕಿ" ಎಂದರು. ತಾಯಿ ಒಪ್ಪಲಿಲ್ಲ. "ಗಂಡನ ಮನಿಗೆ ಹೋದರ ತಲಿ ಇಲ್ಲೇ ಬಿಟ್ಟು ಹೊಕ್ಕಾಳೇನ್ರಿ? ಇಬ್ಬರಿಗೂ ತರ್ರಿ, ಇಲ್ಲಾ ಇಬ್ಬರಿಗೂ ಬ್ಯಾಡ" ಎಂದರು. ಇಬ್ಬರಿಗೂ ಹಳೆಯ ಪುಸ್ತಕಗಳು ಬಂದವು. ಮುಂದೆ ಆಕೆ ಒಂದು ಪದ್ಧತಿ ಮಾಡಿದರು. ರಾತ್ರಿ ರೊಟ್ಟಿ ಬಡಿಯುವಾಗ ಮಕ್ಕಳಲ್ಲೊಬ್ಬರು ಒಲೆಯ ಬಳಿ ಕುಳಿತು, ಆ ದಿನ ಓದಿದುದನ್ನು ಕನ್ನಡದಲ್ಲಿ ಹೇಳಬೇಕು. ತಾಯಿಗೆ ಪುಸ್ತಕದ ಇಂಗ್ಲಿಷ್ ಬಾರದು. ಆದರೆ ಮಗಳು ತಡವರಿಸಿದುದು ತಿಳಿಯುತ್ತಿತ್ತು. "ಇದು ನನಗ ತಿಳೀಲಿಲ್ಲವ್ವಾ, ಇನ್ನೊಮ್ಮೆ ನೋಡಿ ಬಾ" ಎನ್ನುತ್ತಿದ್ದರು. ಮಗಳು ಪುಸ್ತಕಕ್ಕೆ ಮರಳುತ್ತಿದ್ದಳು. ಇಂದು ಆ ಮಗಳು ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ.

ಇದಕ್ಕಿಂತ ಉತ್ತಮವಾದ ಪಾಠಕ್ರಮವನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಲಾರದು. ಕಲಿತದ್ದನ್ನು ಕಲಿಯದವರಿಗೆ ತಿಳಿಯುವಂತೆ ಹೇಳುವುದೇ ಕಲಿಕೆಯ ಒರೆಗಲ್ಲು. ಮಕ್ಕಳು ಹಾಸ್ಟೆಲಿನಲ್ಲಿದ್ದರೂ ಇದು ಸಾಧ್ಯ. ದಿನವೂ ಫೋನಿನಲ್ಲಿ "ಊಟ ಆಯ್ತಾ?" ಎಂದು ಕೇಳುತ್ತೇವೆ. ಅದರ ಜೊತೆಗೆ "ಇವತ್ತು ಯಾವ ಪುಟದವರೆಗೆ ಬಂತು? ಅದರಲ್ಲಿ ಏನಿತ್ತು, ನನಗೂ ಸ್ವಲ್ಪ ಹೇಳು" ಎಂದು ಕೇಳಿದರೆ ಸಾಕು. ಅಂಕ ಎಷ್ಟು ಬಂತೆಂಬ ಪ್ರಶ್ನೆ ಮಕ್ಕಳನ್ನು ಹೆದರಿಸುತ್ತದೆ, ಏನು ಓದಿದೆ ಎಂಬ ಪ್ರಶ್ನೆ ಅವರನ್ನು ಮಾತಾಡಿಸುತ್ತದೆ.

ಆದುದರಿಂದ ಈ ವರ್ಷ ಕಾಲೇಜಿಗೆ ಮಕ್ಕಳನ್ನು ಕಳಿಸಿರುವ ತಂದೆತಾಯಿಗಳಲ್ಲಿ ನಮ್ಮ ಬೇಡಿಕೆ ಇಷ್ಟೇ. ವಿಷಯಕ್ಕೊಂದು ಒಳ್ಳೆಯ ಪುಸ್ತಕ ಕೊಡಿಸಿರಿ, ಹೊಸದಾಗದಿದ್ದರೆ ಹಳೆಯದು, ಅದೂ ಆಗದಿದ್ದರೆ ಗ್ರಂಥಾಲಯದ್ದು. ಮಗನಿಗೆ ಕೊಡಿಸಿದಷ್ಟನ್ನೇ ಮಗಳಿಗೂ ಕೊಡಿಸಿರಿ. ಸೆಮಿಸ್ಟರಿನ ಕೊನೆಗೆ ಆ ಪುಸ್ತಕವನ್ನು ಕೈಗೆತ್ತಿಕೊಂಡು ನೋಡಿರಿ. ಅಂಚು ಸವೆದು, ಪೆನ್ಸಿಲಿನ ಗುರುತು ತುಂಬಿ, ಅಲ್ಲಲ್ಲಿ ಎಣ್ಣೆಯ ಕಲೆಯೂ ಬಿದ್ದಿದ್ದರೆ ಬೇಸರ ಬೇಡ. ಕೊಟ್ಟ ಹಣ ಸಂದಿತೆಂದು ತಿಳಿಯಿರಿ.